ಮಳೆ ಹಿಡಿಯುವ ಮೊದಲು ಬಾನೆಟ್ ಎತ್ತಿ ನೋಡಿ

ಹೊಸದಾಗಿ ಕಾರು ತಗೊಂಡ ಹುಡುಗರು, ಹುಡುಗಿಯರು ಕೇಳುವುದು ಒಂದೇ ಮಾತು, ಮನೆಯಲ್ಲೇ ನಾವೇ ಏನೇನು ಮಾಡಬಹುದು ಅಂತ. ಸುಮಾರು ಮಾಡಬಹುದು. ಆದರೆ ಶುರು ಮಾಡುವ ಹೊತ್ತು ಸರಿ ಇರಬೇಕು, ಕೊಡಗಿನಲ್ಲಿ ಅದು ಮೇ ತಿಂಗಳು. ಸೌದೆ ಒಳಗೆ ಹಾಕಿ, ಮಾಡಿನ ಹೆಂಚು ಸರಿ ಮಾಡಿಸುವ ಆ ವಾರದಲ್ಲೇ ಕಾರಿಗೂ ಒಂದು ಬೆಳಿಗ್ಗೆ ಇಡಿ. ಜೂನ್‌ನಲ್ಲಿ ಮಳೆ ಹಿಡಿದರೆ, ಅದರಲ್ಲೂ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಹೊತ್ತಿಗೆ, ಅಂಗಳದಲ್ಲಿ ನಿಂತು ಬಾನೆಟ್ ಎತ್ತಲು ಆಗಲ್ಲ. ಮೆಕ್ಯಾನಿಕ್ ತೋಟದ ತನಕ ಬರುವುದೂ ಕಷ್ಟ.

ಮೊದಲು ಬೇಕಾದದ್ದು ಸಮತಟ್ಟಾದ ಜಾಗ. ನಮ್ಮ ಕಡೆ ಅದೇ ಕಮ್ಮಿ ಅಲ್ವಾ! ಕಾಫಿ ಒಣಗಿಸುವ ಕಣ ಮೇ ತಿಂಗಳಲ್ಲಿ ಖಾಲಿ ಇರುತ್ತದೆ, ಅಲ್ಲಿ ನಿಲ್ಲಿಸಿ. ಕೆಳಗೆ ಒಂದು ಹಳೆಯ ಪ್ಲಾಸ್ಟಿಕ್ ಹಾಸಿ. ಕಣಕ್ಕೆ ಆಯಿಲ್ ಬಿದ್ದರೆ ಮುಂದಿನ ಸಲ ಅದೇ ಜಾಗದಲ್ಲಿ ಕಾಫಿ ಹರಡಬೇಕು ಅನ್ನುವುದು ನೆನಪಿರಲಿ.

ಇಳಿಜಾರಿನಲ್ಲಿ ನಿಲ್ಲಿಸಿ ಎಂಜಿನ್ ಆಯಿಲ್ ನೋಡಿದರೆ ಲೆಕ್ಕ ತಪ್ಪು ಬರುತ್ತದೆ, ಅದಕ್ಕೇ ಈ ಜಾಗದ ಮಾತು. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗೆ ಇಳಿಯಲಿ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ. ತುದಿಯಲ್ಲಿ ಎರಡು ಗುರುತು ಇರುತ್ತವೆ, ಆಯಿಲ್ ಅವುಗಳ ನಡುವೆ ಇದ್ದರೆ ಸಾಕು. ಕಮ್ಮಿ ಇದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ, ಕಾದು, ಮತ್ತೆ ನೋಡಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡು ಮೇಲಿನ ಗುರುತು ದಾಟಿಸುವವರು ಇದ್ದಾರೆ, ಅದು ಸರಿಯಲ್ಲ. ಒಳಗೆ ಕ್ರ್ಯಾಂಕ್ ಅನ್ನುವ ದಂಡ ತಿರುಗುವಾಗ ಆಯಿಲ್ ಕಡೆದು ನೊರೆ ಬರುತ್ತದೆ, ನೊರೆ ಬಂದ ಆಯಿಲ್ ಎಂಜಿನ್ನನ್ನು ಕಾಪಾಡಲ್ಲ. ಯಾವ ಗ್ರೇಡ್, ಅಂದರೆ ಎಷ್ಟು ದಪ್ಪದ ಆಯಿಲ್ ಅನ್ನುವುದು ಕಾರಿನ ಪುಸ್ತಕದಲ್ಲಿ ಇರುತ್ತದೆ, 5ಡಬ್ಲ್ಯೂ-30 ಅಂತ ಇದ್ದರೆ ಅದನ್ನೇ ಹಾಕಿ. ಬಣ್ಣ ಕಪ್ಪಾಯಿತು ಅಂತ ಗಾಬರಿ ಬೇಡ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಗಾಬರಿ ಆಗಬೇಕಾದದ್ದು ಬೇರೆ: ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಆಗ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಡಿಪ್‌ಸ್ಟಿಕ್ ಚೆನ್ನಾಗಿದ್ದು ಆಯಿಲ್ ಹಾಕುವ ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಆ ಥರ ನೊರೆ ಇದ್ದರೆ, ಅದು ನಮ್ಮ ಚಳಿ, ತೇವಕ್ಕೆ ಆಗುವುದು. ತೋಟದಿಂದ ಅಂಗಡಿಗೆ, ಅಂಗಡಿಯಿಂದ ತೋಟಕ್ಕೆ ಅಂತ ಎರಡೇ ಕಿಲೋಮೀಟರ್ ಓಡಿಸಿದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ. ಆಗಾಗ ಒಂದು ಉದ್ದದ ಓಟ ಓಡಿಸಿ. ಹೀಗೆ ಕಮ್ಮಿ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕ ಕಾಯುತ್ತಾ ಕೂರಬೇಡಿ, ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ.

ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ ನೋಡುವುದು ಸುಲಭ, ಎಂಜಿನ್ ತಣ್ಣಗಿರುವಾಗ ಡಬ್ಬದ ಹೊರಗಿನ ಗೆರೆ ನೋಡಿದರೆ ಆಯಿತು. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿ ಕುದಿಯುತ್ತಿರುವ ನೀರು ಮುಖಕ್ಕೆ ಹಾರುತ್ತದೆ. ತೋಡಿನ ನೀರು, ಬಾವಿ ನೀರು ಹಾಕುವ ಅಭ್ಯಾಸ ಬಿಡಿ, ದಾರಿಯಲ್ಲಿ ಕಷ್ಟಕ್ಕೆ ಹಾಕಿದರೆ ಆಮೇಲೆ ತೆಗೆಸಿ ಸರಿಯಾದದ್ದು ತುಂಬಿಸಿ. ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಕೂಲೆಂಟ್ ಸಿಹಿ, ನಾಯಿಗೆ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಕಿಡ್ನಿ ಹೋಗುತ್ತದೆ, ಸ್ವಲ್ಪವೇ ಸಾಕು. ತೋಟದ ಮನೆಯಲ್ಲಿ ನಾಯಿ ಇಲ್ಲದೆ ಇರುತ್ತದಾ? ಚೆಲ್ಲಿದರೆ ಆಗಲೇ ಒರೆಸಿ ತೊಳೆಯಿರಿ, ಕ್ಯಾನನ್ನು ನಾಯಿಗೆ ಎಟುಕದ ಹಾಗೆ ಎತ್ತರದಲ್ಲಿ ಇಡಿ.

ಟಯರ್ ಗಾಳಿ ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಆ ಅಂಕಿ ತಣ್ಣಗಿನ ಟಯರ್‌ಗೆ. ತೋಟದಿಂದ ಪೆಟ್ರೋಲ್ ಬಂಕ್ ಮುಟ್ಟುವಷ್ಟರಲ್ಲಿ ಟಯರ್ ಬಿಸಿಯಾಗಿ ಗಾಳಿ ಜಾಸ್ತಿ ತೋರಿಸುತ್ತದೆ, ಅದಕ್ಕೇ ಒಂದು ಗೇಜ್ ಮನೆಯಲ್ಲಿ ಇರಲಿ, ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಟಯರ್ ಮೇಲಿನ ಉದ್ದದ ಸೀಳಿನಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ರಬ್ಬರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಉಳಿದಿದೆ, ಟಯರ್ ಮುಗಿಯಿತು ಅಂತ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಳೆಗೆ ಅಲ್ಲಿ ತನಕ ಕಾಯಬಾರದು, 3 ಮಿಲಿಮೀಟರ್‌ಗೆ ಬಂದಾಗಲೇ ಬದಲಾಯಿಸಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಎಲೆ, ಕೆಸರು, ನೀರು ಮೂರೂ ಒಟ್ಟಿಗೆ ಇರುತ್ತವೆ.

ಘಾಟಿ ಅಂದಮೇಲೆ ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೆ ಬರ ಇಲ್ಲ. ನೀರು ಸೇರಿದ ಬ್ರೇಕ್ ಆಯಿಲ್ ಬೇಗ ಕುದಿಯುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹೋದರೆ ಬಿಸಿಗೆ ಅದು ಕುದಿದು, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಬದಲಾಯಿಸಿ. ನೀವು ಮನೆಯಲ್ಲಿ ಡಬ್ಬದ ಮಟ್ಟ ನೋಡಿದರೆ ಸಾಕು, ಕಮ್ಮಿಯಾಗಿದ್ದರೆ ಸುಮ್ನೆ ತುಂಬಿಸಿ ಮುಚ್ಚಬೇಡಿ, ಬ್ರೇಕ್ ಪ್ಯಾಡ್ ಸವೆದಿರುತ್ತದೆ ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಬ್ರೇಕ್ ಬಿಚ್ಚುವ ಕೆಲಸ ಕಲಿಯುವವರದ್ದಲ್ಲ. ಇಳಿಯುವಾಗ ಎರಡು ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ತಾನಾಗಿ ತಣ್ಣಗಾಗಲು ಬಿಡಿ. ನೀರು ಎರಚಬೇಡಿ.

ವೈಪರ್ ರಬ್ಬರ್ ಬೇಸಿಗೆ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಪ್ರತಿ ಮೇ ತಿಂಗಳಲ್ಲಿ ಹೊಸದು ಹಾಕಿ. ಗಾಜಿನ ಕೆಳಗೆ, ಬಾನೆಟ್ ಮುಗಿಯುವಲ್ಲಿ ಒಂದು ಕಾಲುವೆ ಇದೆ ನೋಡಿ, ಸಿಲ್ವರ್ ಓಕ್ ಎಲೆ ಎಲ್ಲ ಅಲ್ಲಿಗೇ ಬೀಳುತ್ತದೆ. ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆ ನೀರು ಕಾರಿನ ಒಳಗೆ, ಕಾಲಿನ ಹತ್ತಿರ ಇಳಿಯುತ್ತದೆ. ಆಗ ಎಲ್ಲರೂ ಬಾಗಿಲಿನ ರಬ್ಬರಿಗೆ ಬೈಯುತ್ತಾರೆ! ಕೈ ಹಾಕಿ ಎಲೆ ತೆಗೆಯಿರಿ, ಒಂದು ಚೊಂಬು ನೀರು ಹೊಯ್ದು ಕೆಳಗೆ ಬರುತ್ತಾ ನೋಡಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಈ ಕೆಲಸ ಬಿಡಬೇಡಿ.

ಬ್ಯಾಟರಿ ತುದಿಯಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ತಿಕ್ಕಿ, ಒಣಗಿಸಿ. ಹಾಕುವಾಗ ಪ್ಲಸ್ ಮೊದಲು. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಮಳೆಯಲ್ಲಿ ನೆನೆದು ಬಂದ ಗಾಡಿಯನ್ನು ನಾಲ್ಕೈದು ದಿನ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಹಿಡಿದುಕೊಳ್ಳುತ್ತದೆ. ಸಮತಟ್ಟು ಶೆಡ್ ಆದರೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಎರಡೂ ಬದಿ ಮರದ ತುಂಡು ಕೊಡಿ. ಹೀಗೆ ನಿಂತ ಗಾಡಿಗೆ ಇಲಿಯೂ ಬರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ವೈರ್ ನೋಡಿ, ಏರ್ ಫಿಲ್ಟರ್ ಪೆಟ್ಟಿಗೆ ತೆರೆದು ಗೂಡು ಕಟ್ಟಿದೆಯಾ ನೋಡಿ.

ಸ್ಟೆಪ್ನಿ ಬದಲಾಯಿಸುವುದನ್ನು ಈ ಒಣ ಕಣದಲ್ಲೇ ಒಂದು ಸಲ ಪೂರ್ತಿ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದಲ್ಲಿ ಇರುವಾಗಲೇ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕಿ ಎತ್ತಿ. ಹಾಕುವಾಗ ಎದುರು ಬದುರು ಬೋಲ್ಟ್ ಬಿಗಿ ಮಾಡುತ್ತಾ ಬನ್ನಿ. ಜಾಕಿ ಒಂದರ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ ಯಾವುದನ್ನೂ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತಲೂ ಆಗಲೇ ನೋಡಿ.

ತೆಗೆದ ಹಳೆಯ ಆಯಿಲ್ಲನ್ನು ಬೇಲಿ ಕಂಬಕ್ಕೆ ಬಳಿಯುವುದು, ತೋಡಿಗೆ ಬಿಡುವುದು ಬೇಡವೇ ಬೇಡ. ನಮ್ಮ ಸುಮಾರು ತೋಡುಗಳು ಸೇರುವುದು ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ, ಅಲ್ಲಿಂದ ಕಾವೇರಿಗೆ. ಮುಚ್ಚಳ ಇರುವ ಕ್ಯಾನ್‌ಗೆ ತುಂಬಿ, ಮುಂದಿನ ಸಲ ಸರ್ವಿಸ್‌ಗೆ ಹೋಗುವಾಗ ಗ್ಯಾರೇಜಿಗೆ ಕೊಟ್ಟುಬಿಡಿ.