ಫ್ಲಾಸ್ಕಿನ ಅನ್ನ, ಇಲಿಯ ಹೊಟ್ಟೆಯ ಅನ್ನ

ಕುಚ್ಚಲಕ್ಕಿ ಗಂಜಿ ಉಂಡರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ ಅಕ್ಕಿಯ, ಅನ್ನ ಉಂಡರೆ ಹತ್ತೂವರೆಗೇ ಹೊಟ್ಟೆ ಚುರುಗುಟ್ಟುತ್ತದೆ. ಇದು ಉಡುಪಿಯ ನಮ್ಮ ಮನೆಯಲ್ಲಿ ಅಮ್ಮನ ಮಾತು. ಮಂಗಳೂರಿನ ಪ್ರಯೋಗಾಲಯದಲ್ಲಿ ಪಿಷ್ಟ ಜೀರ್ಣವಾಗುವ ವೇಗ ಅಳೆಯುವ ಕೆಲಸ ಸಿಕ್ಕಾಗ ನಾನು ಮೊದಲು ಹಿಡಿದದ್ದು ಈ ಎರಡು ಅಕ್ಕಿಗಳನ್ನೇ.

ಮೊದಲು ಫ್ಲಾಸ್ಕ್. 1992ರಲ್ಲಿ ಇಂಗ್ಲಿಸ್ಟ್ ತಂಡ ಪ್ರಕಟಿಸಿದ ವಿಧಾನ ಅನುಸರಿಸಿದೆ. 37 ಡಿಗ್ರಿಯ ವಾಟರ್ ಬಾತ್‌ನಲ್ಲಿ ಅನ್ನ ಮತ್ತು ಕಿಣ್ವಗಳನ್ನು ಅಲುಗಾಡಿಸುತ್ತ ಇಟ್ಟು, 20 ಮತ್ತು 120ನೇ ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಆಲ್ಕೋಹಾಲಿಗೆ ಹಾಕಬೇಕು. ಕಿಣ್ವದ ಕೆಲಸ ಅಲ್ಲಿಗೆ ನಿಲ್ಲುತ್ತದೆ. 20 ನಿಮಿಷದೊಳಗೆ ಗ್ಲೂಕೋಸ್ ಆದದ್ದು ಬೇಗ ಜೀರ್ಣವಾಗುವ ಪಿಷ್ಟ, 120ರೊಳಗಿನದು ನಿಧಾನದ್ದು, ಉಳಿದದ್ದು ಕಿಣ್ವಕ್ಕೆ ಬಗ್ಗದ್ದು.

ಎರಡೂ ಅನ್ನವನ್ನು ನಾನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ್ದೆ. ಗ್ರಾಫಿನಲ್ಲಿ ಎರಡರ ಗೆರೆಗಳೂ ಹೆಚ್ಚುಕಮ್ಮಿ ಒಂದರ ಮೇಲೊಂದು ಬಿದ್ದವು. ಅಮ್ಮ ಹೇಳಿದ್ದು ಸುಳ್ಳೇ ಎಂದು ಆ ಸಂಜೆ ಬಹಳ ಬೇಸರವಾಯಿತು.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೆ ಇಲಿಗಳ ಸರದಿ. ರಾತ್ರಿಯಿಡೀ ಉಪವಾಸವಿಟ್ಟ ಇಲಿಗೆ ತುದಿ ಗುಂಡಗಿರುವ ಸೂಜಿಯಿಂದ ಬಾಯಿಯ ಮೂಲಕ ಅನ್ನ ಕೊಡುವುದು, ಬಾಲದ ತುದಿಯ ರಕ್ತದಲ್ಲಿ ಸಕ್ಕರೆ ನೋಡುವುದು. ಕುಚ್ಚಲಕ್ಕಿಯ ಕೆಂಪು ತೌಡಿನ ಚೂರು ಸೂಜಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮತ್ತೆ ರುಬ್ಬಿ, ನೀರು ಸೇರಿಸಿ, ಸೋಸಿ ಕೊಟ್ಟೆ. ಮತ್ತೆ ಅದೇ ಫಲಿತಾಂಶ. ಆಗ ಹೊಳೆಯಿತು: ಅಮ್ಮ ಯಾವತ್ತೂ ಅನ್ನ ರುಬ್ಬಿ ಉಂಡವರಲ್ಲ. ಭತ್ತವಾಗಿದ್ದಾಗಲೇ ಬೇಯಿಸಿ ಒಣಗಿಸಿದ ಕುಚ್ಚಲಕ್ಕಿಯ ಗಟ್ಟಿ ಅಗುಳನ್ನು ಮಿಕ್ಸಿಯಲ್ಲಿ ನಾನೇ ಒಡೆದುಹಾಕಿದ್ದೆ.

ಎರಡನೇ ಸಲ ಇಲಿಗಳಿಗೆ ಇಡೀ ಅಗುಳು ತಾವೇ ತಿನ್ನುವ ಅಭ್ಯಾಸ ಮಾಡಿಸಿದೆ. ಕುಚ್ಚಲಕ್ಕಿಯ ಗೆರೆ ತಗ್ಗಾಗಿ ಉದ್ದಕ್ಕೆ ಎಳೆಯಿತು. ಆದರೂ ರಕ್ತದ ಸಕ್ಕರೆಯೇ ಜೀರ್ಣದ ಲೆಕ್ಕವಲ್ಲ; ಒಳಗೆ ಬಂದದ್ದರಲ್ಲಿ ಇನ್ಸುಲಿನ್ ಎಷ್ಟನ್ನು ಆಚೆ ಸಾಗಿಸಿತೋ ಅದು ಕಳೆದು ಉಳಿದದ್ದಷ್ಟೇ ನಮಗೆ ಕಾಣುತ್ತದೆ. ಅದಕ್ಕಾಗಿ ಆಹಾರದಲ್ಲಿ ಜೀರ್ಣವಾಗದ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೆರೆಸಿ, ಅದು ಹಾಕಿದಷ್ಟೇ ಉಳಿಯುವುದರಿಂದ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಅದಕ್ಕೂ ಪಿಷ್ಟಕ್ಕೂ ಇರುವ ಪ್ರಮಾಣ ನೋಡಬೇಕಾಯಿತು. ಹಿಕ್ಕೆಯಲ್ಲಿ ಅಳೆದರೆ ಮೋಸಹೋಗುತ್ತೇವೆ: ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಉಳಿದ ಪಿಷ್ಟವನ್ನು ಹುದುಗಿಸಿ ಮುಗಿಸಿರುತ್ತವೆ, ಎಲ್ಲವೂ ಜೀರ್ಣವಾದಂತೆ ತೋರುತ್ತದೆ. ಈ ಅಳತೆಗೆ ಇಲಿ ಜೀವ ಕೊಡುತ್ತದೆ. ಹಾಗಾಗಿ ಒಂದು ಮಾದರಿಯನ್ನೂ ನಾನು ಇನ್ನೊಬ್ಬರ ಕೈಗೆ ಬಿಡಲಿಲ್ಲ.

ಫ್ಲಾಸ್ಕಿಗಿಲ್ಲದ ಇನ್ನೊಂದು ಸಂಗತಿ ಜಠರದ ಬಾಗಿಲು. ಅದು ಅನ್ನವನ್ನು ತುಸುತುಸುವೇ ಕೆಳಗೆ ಬಿಡುತ್ತದೆ, ಬಂದ ಗ್ಲೂಕೋಸನ್ನು ಕರುಳು ಆಗಿಂದಾಗ ಹೀರಿಕೊಳ್ಳುತ್ತದೆ. ಫ್ಲಾಸ್ಕಿನಲ್ಲಿ ಎಲ್ಲವೂ ಒಮ್ಮೆಲೇ ಕಿಣ್ವದ ಎದುರು ಬೀಳುತ್ತದೆ, ಹುಟ್ಟಿದ ಸಕ್ಕರೆ ಅಲ್ಲೇ ಉಳಿಯುತ್ತದೆ. ಈಗ ನಾನು ಅನ್ನ ರುಬ್ಬುವುದಿಲ್ಲ. ದೊಡ್ಡ ತೂತಿನ ಬಿಲ್ಲೆಯಲ್ಲಿ ಒತ್ತಿ, ಜಠರದ ಬದಲಿಗೆ ಇಟ್ಟ ಆಮ್ಲದ ಹಂತದಿಂದ ಸ್ವಲ್ಪಸ್ವಲ್ಪವೇ ಮುಂದಿನ ಫ್ಲಾಸ್ಕಿಗೆ ಸುರಿಯುತ್ತೇನೆ. ಮುಂದಿನ ವಾರ ಅದೇ ಸಾಲಿನಲ್ಲಿ ಅಮ್ಮ ನೀರು ಹಾಕಿಟ್ಟ ತಂಗಳನ್ನವೂ ಇರುತ್ತದೆ.