ಅಪ್ಪ–ಅಮ್ಮನ ಮೊದಲ ವಿದೇಶ ಪ್ರವಾಸ: ವಿಯೆಟ್ನಾಂಗೆ ಹೊರಡುವ ಮುನ್ನ

ಏಪ್ರಿಲ್ ತಿಂಗಳಲ್ಲಿ ಅಪ್ಪ, ಅಮ್ಮ, ಚಿಕ್ಕಮ್ಮ ಮೂವರನ್ನೂ ಕರೆದುಕೊಂಡು ಒಂಬತ್ತು ದಿನ ವಿಯೆಟ್ನಾಂ ಸುತ್ತಿ ಬಂದೆ. ಮೂವರೂ ಅರವತ್ತು ದಾಟಿದವರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಮಂಡಿ ನೋವು, ಚಿಕ್ಕಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ತಿಪಟೂರು ಬಿಟ್ಟು ಅವರು ಹೋಗಿದ್ದ ಅತಿ ದೂರದ ಊರು ಕಾಶಿ. ಹೊರಡುವ ಮೊದಲು ನಾನು ಆರು ತಿಂಗಳು ತಯಾರಿ ಮಾಡಿದೆ. ಅದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದರಲ್ಲಿ ಎಡವಿದೆ ಎಂಬುದನ್ನು ಮನೆಯ ಹಿರಿಯರನ್ನು ಕರೆದೊಯ್ಯುವ ಆಸೆಯಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಯೋಜನೆ ಶುರುವಾಗಬೇಕಾದದ್ದು ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಂದ. ನೋಡುವ ಜಾಗಗಳ ಪಟ್ಟಿ ಆಮೇಲೆ.

ಮೊದಲು ಹೆಸರು ಸರಿಮಾಡಿಸಿ

ಇದಕ್ಕೇ ಹೆಚ್ಚು ಸಮಯ ಬೇಕು. ನಮ್ಮ ಕಡೆ ಹಿರಿಯರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ರೇಷನ್ ಕಾರ್ಡಿನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ಇನಿಷಿಯಲ್ ಮುಂದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಊರಿನ ಹೆಸರೋ ತಂದೆಯ ಹೆಸರೋ, ಬಿಡಿಸಿ ಪೂರ್ತಿ ಬರೆಯಬೇಕು. ಹಾಗಾಗಿ ಮೊದಲು ಆಧಾರ್‌ನಲ್ಲಿ ಹೆಸರು ಬಿಡಿಸಿ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕಿ. ಹುಟ್ಟಿದ ದಿನಾಂಕವನ್ನೂ ತಾಳೆ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದುಂಟು.

ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದ ಮೇಲೆ ಬರುವವರನ್ನು ಒಳಬಿಡುವುದಿಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ನಿಯಮ ತಂದಿತು. ಅಡ್ಡಹೆಸರಿನ ರೂಢಿಯೇ ಇಲ್ಲದ ನಮ್ಮ ಅದೆಷ್ಟೋ ಮನೆಗಳಿಗೆ ಇದು ನೇರವಾಗಿ ತಟ್ಟುವ ಸಂಗತಿ. ತಂದೆಯ ಅಥವಾ ಗಂಡನ ಹೆಸರನ್ನು ಸರ್‌ನೇಮ್ ಆಗಿ ಹಾಕಿಸಿಬಿಟ್ಟರೆ ಮುಂದೆ ಯಾವ ದೇಶಕ್ಕೆ ಹೋದರೂ ಈ ತೊಡಕಿರುವುದಿಲ್ಲ.

36 ಪುಟಗಳ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕ, ತತ್ಕಾಲ್ ಆದರೆ ಇನ್ನೂ 2,000 ಸೇರುತ್ತದೆ. 60 ದಾಟಿದವರು ಹೊಸದಾಗಿ ಮಾಡಿಸುವಾಗ ಶೇ 10 ರಿಯಾಯಿತಿ ಇದೆ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಇಲ್ಲವೆಂದು ಚಿಕ್ಕಮ್ಮ ಹಿಂಜರಿದಿದ್ದರು. 50 ದಾಟಿದವರಿಗೆ ಅದರ ಚಿಂತೆ ಬೇಡ, ಹತ್ತನೇ ತರಗತಿ ಮುಗಿಸದವರು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಅನುಮತಿ ಪಡೆಯಬೇಕಾದ ವಲಸೆ ತಪಾಸಣೆಯ ವರ್ಗಕ್ಕೆ (ಇಸಿಆರ್) ಅವರ ಪಾಸ್‌ಪೋರ್ಟ್ ಬರುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಇದ್ದರೆ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿದೆಯೇ ನೋಡಿಕೊಳ್ಳಿ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನೇ ಚಿಕ್ಕಮ್ಮನ ಟಿಕೆಟ್ ಮಾಡುವಾಗ, ಪಾಸ್‌ಪೋರ್ಟ್ ತೆಗೆದು ನೋಡದೆ, ವಾಟ್ಸ್‌ಆ್ಯಪ್‌ನಲ್ಲಿದ್ದ ಹಳೆಯ ಆಧಾರ್ ಫೋಟೊ ನೋಡಿ ಹೆಸರು ಹಾಕಿದ್ದೆ. ತಿದ್ದಿಸಲು ಎರಡು ದಿನ ಫೋನಿನಲ್ಲೇ ಕಳೆಯಿತು, ದುಡ್ಡೂ ಹೋಯಿತು. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಕೆಳಗೆ ಬಾಣದಂಥ ಗುರುತುಗಳ ನಡುವೆ ಎರಡು ಸಾಲು ಅಚ್ಚಾಗಿರುತ್ತದಲ್ಲ, ಅಲ್ಲಿರುವ ಕಾಗುಣಿತವೇ ಟಿಕೆಟ್ಟಿಗೂ ವೀಸಾಕ್ಕೂ ಅಂತಿಮ.

ನಮ್ಮ ರಜೆ, ಅವರ ಮಳೆ

ವಿಯೆಟ್ನಾಂ ಉದ್ದಕ್ಕೆ ಚಾಚಿಕೊಂಡ ದೇಶ. ಉತ್ತರದ ಹನೋಯಿಯಿಂದ ದಕ್ಷಿಣದ ಹೋ ಚಿ ಮಿನ್ ನಗರಕ್ಕೆ ರೈಲು ಹಳಿಯ ಲೆಕ್ಕದಲ್ಲಿ 1,726 ಕಿ.ಮೀ. ಆದ್ದರಿಂದ ಇಡೀ ದೇಶಕ್ಕೆ ಒಂದೇ ಹವಾಮಾನ ಇಲ್ಲ. ಮಕ್ಕಳಿಗೆ ದಸರಾ ರಜೆ ಸಿಗುವ ಅಕ್ಟೋಬರ್‌ನಲ್ಲಿ ನಡುಭಾಗದ ಡಾ ನಾಂಗ್, ಹೊಯ್ ಆನ್ ಊರುಗಳಿಗೆ ಜೋರು ಮಳೆ, ಹೊಯ್ ಆನ್‌ನ ಹಳೇ ಬೀದಿಗಳಿಗೆ ನದಿಯ ನೀರು ನುಗ್ಗುವ ಕಾಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಉತ್ತರದಲ್ಲಿ ಚಳಿ, ಹಾ ಲಾಂಗ್ ಕೊಲ್ಲಿಯ ಮೇಲೆ ಮಂಜು. ಮೂರೂ ಕಡೆ ಒಟ್ಟಿಗೆ ಹದವಾಗಿರುವುದು ಮಾರ್ಚ್ ಮತ್ತು ಏಪ್ರಿಲ್. ನಮ್ಮ ಬೇಸಿಗೆ ರಜೆಗೂ ಅದು ಹೊಂದುತ್ತದೆ. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ, ಎಲ್ಲಿ ನೋಡಿದರೂ ಜನ. ಅಷ್ಟರೊಳಗೆ ಮರಳುವಂತೆ ದಿನ ಇಟ್ಟುಕೊಳ್ಳಿ. ಅವರ ಹೊಸ ವರ್ಷದ ಹಬ್ಬ ತೆತ್ ಚಾಂದ್ರಮಾನದ್ದು, 2027ರಲ್ಲಿ ಫೆಬ್ರುವರಿ 6ಕ್ಕೆ ಬರುತ್ತದೆ. ಆ ವಾರ ಅಂಗಡಿ, ಹೋಟೆಲುಗಳಲ್ಲಿ ಹಲವು ಬಾಗಿಲು ಹಾಕಿರುತ್ತವೆ.

ವೀಸಾ

ಭಾರತೀಯರಿಗೆ ಇ–ವೀಸಾ ಸಿಗುತ್ತದೆ, ಯಾವ ಕಚೇರಿಗೂ ಅಲೆಯಬೇಕಿಲ್ಲ. ಒಮ್ಮೆ ಹೋಗಿಬರುವ ವೀಸಾಕ್ಕೆ 25 ಡಾಲರ್. 2023ರ ಆಗಸ್ಟ್ 15ರಿಂದ ಇದರ ಅವಧಿಯನ್ನು 90 ದಿನಗಳವರೆಗೆ ಹೆಚ್ಚಿಸಿದ್ದಾರೆ. ಮುಖದ ಫೋಟೊ ಮತ್ತು ಪಾಸ್‌ಪೋರ್ಟಿನ ಪುಟದ ಚಿತ್ರ, ಎರಡೂ ಸ್ಪಷ್ಟವಾಗಿರಬೇಕು. ಪುಟದ ಮೇಲೆ ಟ್ಯೂಬ್‌ಲೈಟಿನ ಬೆಳಕು ಹೊಳೆಯದಂತೆ ಕಿಟಕಿ ಪಕ್ಕ ಹಗಲಲ್ಲಿ ಫೋಟೊ ತೆಗೆಯಿರಿ. ಸರ್ಕಾರದ ತಾಣದ ವಿಳಾಸ 'ಜಿಒವಿ ಡಾಟ್ ವಿಎನ್' ಎಂದೇ ಮುಗಿಯುತ್ತದೆ. ಹುಡುಕಿದಾಗ ಮೇಲ್ಗಡೆ ಕಾಣುವ ಜಾಹೀರಾತಿನ ತಾಣಗಳು ಅದೇ ಕೆಲಸಕ್ಕೆ ಹೆಚ್ಚು ಹಣ ಕೇಳುತ್ತವೆ. ಕೈಗೆ ಬಂದ ವೀಸಾದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನು ಒಂದೊಂದೇ ಅಂಕಿ ಬೆರಳಿಟ್ಟು ಓದಿ, ಎರಡು ಪ್ರತಿ ಪ್ರಿಂಟ್ ತೆಗೆಸಿ.

ಊರು ಕಡಿಮೆ, ರಾತ್ರಿ ಹೆಚ್ಚು

ನನ್ನ ಮೊದಲ ಪಟ್ಟಿಯಲ್ಲಿ ಐದು ಊರುಗಳಿದ್ದವು. ಅಪ್ಪ ಓದಿ, 'ಇದರಲ್ಲಿ ನಾವು ಕೂರೋದು ಯಾವಾಗಪ್ಪಾ?' ಎಂದರು. ಎರಡು ಊರು ಹೊಡೆದು ಹಾಕಿದೆ. ಹನೋಯಿಯಲ್ಲಿ ಎರಡು ರಾತ್ರಿ, ಹೊಯ್ ಆನ್‌ನಲ್ಲಿ ನಾಲ್ಕು, ಹೋ ಚಿ ಮಿನ್ ನಗರದಲ್ಲಿ ಎರಡು. ಒಂದು ದಿನ ಬೆಳಗ್ಗೆ ತಿರುಗಿದರೆ ಮಧ್ಯಾಹ್ನ ಮಲಗುವುದು, ಸಂಜೆ ಮತ್ತೆ ಸ್ವಲ್ಪ ಓಡಾಟ. ಹನೋಯಿಗೆ ಇಳಿದು ಹೋ ಚಿ ಮಿನ್ ನಗರದಿಂದ ವಾಪಸ್ ಹತ್ತುವಂತೆ ಟಿಕೆಟ್ ಮಾಡಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಕಷ್ಟ ತಪ್ಪುತ್ತದೆ. ಹನೋಯಿಯಿಂದ ಡಾ ನಾಂಗ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆ ಆಸುಪಾಸು, ಅಲ್ಲಿಂದ ಹೊಯ್ ಆನ್ 30 ಕಿ.ಮೀ. ಹೋಟೆಲ್ ಆರಿಸುವಾಗ ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಹನೋಯಿ ಹಳೇ ಪೇಟೆಯ ಮನೆಗಳು ಅಗಲ ಕಡಿಮೆಯಿದ್ದು ಮೇಲಕ್ಕೆ ಎದ್ದವು, ಮೆಟ್ಟಿಲು ಕಡಿದು.

ಹೊಯ್ ಆನ್‌ನಲ್ಲಿ ನಾಲ್ಕು ರಾತ್ರಿ ಇಟ್ಟದ್ದು ಮೀ ಸನ್ ನೋಡಲೆಂದು. ಅಲ್ಲಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಹಿಂದೆ ಆ ಸೀಮೆ ಆಳಿದ ಚಂಪಾ ರಾಜ್ಯದ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಶಿವಾಲಯಗಳಿವೆ. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬುಗಳಿಗೆ ಮುಖ್ಯ ಗೋಪುರ ಉರುಳಿತು. ಈಚೆಗೆ ಕೆಲವು ಗುಂಪುಗಳನ್ನು ಜೀರ್ಣೋದ್ಧಾರ ಮಾಡಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಆ ಕೆಲಸದ ನಡುವೆ 2020ರಲ್ಲಿ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗವೊಂದು ಸಿಕ್ಕಿತು. ಅಮ್ಮ ಇಟ್ಟಿಗೆ ಗೋಡೆಯ ಹತ್ತಿರ ಕಣ್ಣು ಕಿರಿದು ಮಾಡಿ ನಿಂತಿದ್ದರು. ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣುತ್ತಿರಲಿಲ್ಲ, ಬಿರುಕಿನಲ್ಲಿ ಹುಲ್ಲು ಚಿಗುರಿತ್ತು. ಪ್ರವೇಶ ಶುಲ್ಕ 1,50,000 ಡಾಂಗ್ (ಅಲ್ಲಿಯ ಹಣ). ಬಾಗಿಲಿನಿಂದ ಒಳಗೆ ಬ್ಯಾಟರಿ ಗಾಡಿ ಇದೆ, ಆದರೂ ಮುಂದೆ ನಡೆಯುವುದಿದ್ದೇ ಇದೆ. ಹತ್ತು ಗಂಟೆಯ ಮೇಲೆ ಬಿಸಿಲು ತಡೆಯಲಾಗದು. ಮುಂಜಾನೆಯೇ ಹೋಗಿ.

ದುಡ್ಡು: ಎರಡು ನೀಲಿ ನೋಟುಗಳು

ಒಂದು ಲಕ್ಷ ಡಾಂಗ್ ಎಂದರೆ ನಮ್ಮ ಸುಮಾರು 350 ರೂಪಾಯಿ. ಕೊನೆಯ ಮೂರು ಸೊನ್ನೆ ಮರೆತು, ಉಳಿದದ್ದನ್ನು ಮೂರೂವರೆಯಿಂದ ಗುಣಿಸಿದರೆ ಸಾಕು, ಅಪ್ಪ ಎರಡನೇ ದಿನಕ್ಕೇ ಬಾಯಿಲೆಕ್ಕ ಹಾಕುತ್ತಿದ್ದರು. ಎಚ್ಚರ ಬೇಕಾದದ್ದು ಬಣ್ಣದ ವಿಷಯದಲ್ಲಿ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡರ ಮೇಲೂ ಅದೇ ಹೋ ಚಿ ಮಿನ್ ಮುಖ. ಮಬ್ಬು ಬೆಳಕಿನ ಟ್ಯಾಕ್ಸಿಯಲ್ಲಿ 70 ರೂಪಾಯಿ ಕೊಡುವ ಕಡೆ 1,700 ರೂಪಾಯಿ ಕೊಟ್ಟುಬಿಡಬಹುದು. 5 ಲಕ್ಷದ ನೋಟುಗಳನ್ನು ಬೇರೆ ಪರ್ಸಿನಲ್ಲಿಡಿ.

ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಲು ರಿಸರ್ವ್ ಬ್ಯಾಂಕ್ ಅನುಮತಿ ಇದೆ. ನಾಲ್ವರಿಗೂ ಸ್ವಲ್ಪ ಸ್ವಲ್ಪ ಡಾಲರ್ ಹಂಚಿ, ಉಳಿದದ್ದಕ್ಕೆ ಕಾರ್ಡ್ ಇಟ್ಟುಕೊಂಡೆವು. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ಆನ್ ಮಾಡಬೇಕು, ಕಾರ್ಡ್ ಬರುವಾಗ ಅದು ಮುಚ್ಚಿಯೇ ಇರುತ್ತದೆ. ಒಟಿಪಿ ಬರಲು ನಿಮ್ಮ ಇಲ್ಲಿಯ ಸಿಮ್ಮಿಗೆ ರೋಮಿಂಗ್ ಇರಲಿ. ಅಂಗಡಿಯ ಯಂತ್ರ 'ರೂಪಾಯಿಯೋ ಡಾಂಗೋ' ಎಂದು ಕೇಳಿದರೆ ಡಾಂಗ್ ಒತ್ತಿ, ರೂಪಾಯಿ ಒತ್ತಿದರೆ ದರದಲ್ಲಿ ಕಳೆದುಕೊಳ್ಳುತ್ತೀರಿ. ಏಜೆಂಟರಿಂದ ಪೂರ್ತಿ ಪ್ಯಾಕೇಜ್ ಕೊಳ್ಳುವವರು ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಕಟ್ಟಬೇಕಾಗುತ್ತದೆ. ರಿಟರ್ನ್ ಸಲ್ಲಿಸುವವರ ಪ್ಯಾನ್ ಕೊಟ್ಟರೆ ಆ ಹಣ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ.

ಚಿಕ್ಕಮ್ಮ ಊಟ ಮಾಡಿದ್ದು ಹೇಗೆ

ನನಗೆ ಅತಿ ಹೆಚ್ಚು ಭಯ ಇದ್ದದ್ದು ಇದರ ಬಗ್ಗೆ, ಅತಿ ಹೆಚ್ಚು ಸಂತೋಷ ಸಿಕ್ಕಿದ್ದೂ ಇದರಲ್ಲೇ. ಕಲಿಯಬೇಕಾದ ಪದ ಒಂದೇ: 'ಚಾಯ್'. ಬೌದ್ಧ ಸಂಪ್ರದಾಯದ ಸಸ್ಯಾಹಾರಕ್ಕೆ ಆ ಹೆಸರು, ಚಹಾಗೂ ಅದಕ್ಕೂ ಸಂಬಂಧವಿಲ್ಲ. 'ತೋಯ್ ಆನ್ ಚಾಯ್' ಎಂದರೆ ನಾನು ಸಸ್ಯಾಹಾರಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅಲ್ಲಿನ ಬಹಳ ಮಂದಿ ಮಾಂಸ ಬಿಡುತ್ತಾರೆ, ಹಾಗಾಗಿ ದೊಡ್ಡ ಊರುಗಳಲ್ಲಿ 'ಕೋಮ್ ಚಾಯ್' ಎಂಬ ಫಲಕದ ಊಟದ ಮನೆಗಳು ಸಿಗುತ್ತವೆ. ಕಟ್ಟುನಿಟ್ಟಿನ ಚಾಯ್ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಸಲ್ಲದು. ಈರುಳ್ಳಿ–ಬೆಳ್ಳುಳ್ಳಿ ತಿನ್ನದ ನಮ್ಮ ಮನೆಗಳವರಿಗೆ ಇಷ್ಟು ಅನುಕೂಲದ ಊಟ ಇನ್ನೆಲ್ಲಿ ಸಿಕ್ಕೀತು!

ಮಾಮೂಲಿ ಹೋಟೆಲಿನಲ್ಲಿ ತರಕಾರಿ ಮಾತ್ರ ಹಾಕಿ ಎಂದರೆ ಸಾಲದು, ಮೀನಿನ ರಸ 'ನುವೊಕ್ ಮಾಮ್' ಬೇಡ ಎಂದು ಬಿಡಿಸಿ ಹೇಳಬೇಕು. ಉಪ್ಪಿನ ಬದಲು ಅದನ್ನೇ ಹಾಕುತ್ತಾರೆ. ಅವರ ಭಾಷೆಯಲ್ಲಿ ಎರಡು ವಾಕ್ಯ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ, ತೋರಿಸಿದರೆ ಆಯಿತು. ಹೊಯ್ ಆನ್‌ನ ಒಂದು ಸಣ್ಣ ಚಾಯ್ ಅಂಗಡಿಯಲ್ಲಿ ಅಕ್ಕಿಯ 'ಬುನ್' ಬಂತು. ಚಿಕ್ಕಮ್ಮ ಎಳೆಯೊಂದನ್ನು ಬೆರಳಲ್ಲಿ ಎತ್ತಿ, 'ಇದು ನಮ್ಮ ಒತ್ತು ಶಾವಿಗೆಯೇ ಕಣೋ' ಎಂದು, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಕಲಸಿಕೊಂಡರು. ಅಂಗಡಿಯಾಕೆಗೂ ಒಂದು ಚಮಚ ಕೊಟ್ಟರು. ಮರುದಿನ ನಾವು ಬರುವುದನ್ನು ಕಂಡ ಕೂಡಲೇ ಆಕೆ ಶಾವಿಗೆ ಬಡಿಸಿ, ಚಿಕ್ಕಮ್ಮನ ಬ್ಯಾಗಿನ ಕಡೆ ಕೈ ತೋರಿಸಿ ನಕ್ಕರು.

ಬ್ಯಾಗು, ಮಾತ್ರೆ, ವಿಮಾನ ನಿಲ್ದಾಣ

ಒಣ ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅದರ ಎಣ್ಣೆಗೆ ಬೆಂಕಿ ಹತ್ತುವ ಭಯ. ತಿಪಟೂರಿನವರಾದ ನಮಗೆ ಅದು ತಿಳಿಯದೆ, ಅಮ್ಮ ಇಟ್ಟಿದ್ದ ನಾಲ್ಕು ಗಿಟುಕನ್ನು ಬ್ಯಾಗ್ ಬಿಚ್ಚಿಸಿ ತೆಗೆಸಿದರು. ಉಪ್ಪಿನಕಾಯಿಯನ್ನು ಚೆಕ್–ಇನ್ ಬ್ಯಾಗಿಗೆ ಹಾಕಿ, ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಪಟ್ಟಿಯಲ್ಲೇ ಒಯ್ಯಿರಿ, ಔಷಧದ ರಾಸಾಯನಿಕ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ. ವಿಮೆ ಮಾಡಿಸುವಾಗ ಸಕ್ಕರೆ, ಬಿಪಿ ಇದೆ ಎಂದು ಮುಚ್ಚಿಡದೆ ಬರೆಯಿರಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ, ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಿ. ನಮ್ಮ ಎರಡು ಕಡ್ಡಿಯ ಚಾರ್ಜರ್ ಅಲ್ಲಿ ಸಾಮಾನ್ಯವಾಗಿ ಹಿಡಿಯುತ್ತದೆ.

ಮಂಡಿ ನೋವಿರುವವರಿಗೆ ಗಾಲಿಕುರ್ಚಿ ಬೇಕೆಂದು ಕನಿಷ್ಠ ಎರಡು ದಿನ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ. ಅಮ್ಮ 'ನಾನೇನು ರೋಗಿಯಾ' ಎಂದು ಬೇಡವೆಂದಿದ್ದರು. ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ನಡಿಗೆ ನೋಡಿದ ಮೇಲೆ ಒಪ್ಪಿದರು. ವಿಮಾನದ ಹೊತ್ತಿಗೆ ಮೂರು ಗಂಟೆ ಮುಂಚೆ ಅಲ್ಲಿರಿ. ಮೈಸೂರು ಕಡೆಯವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ನಿಲ್ದಾಣಕ್ಕೇ ತರುತ್ತದೆ.

ಪಾಸ್‌ಪೋರ್ಟ್, ವೀಸಾ, ವಿಮೆಯ ಜೆರಾಕ್ಸ್ ಒಂದು ಪ್ರತಿ ಪ್ರತಿಯೊಬ್ಬರ ಬಳಿಯೂ, ಇನ್ನೊಂದು ಮನೆಯಲ್ಲೂ ಇರಲಿ. ಪಾಸ್‌ಪೋರ್ಟ್ ಕಳೆದರೆ ಹನೋಯಿಯಲ್ಲಿ ಭಾರತದ ರಾಯಭಾರ ಕಚೇರಿ, ಹೋ ಚಿ ಮಿನ್ ನಗರದಲ್ಲಿ ಕಾನ್ಸುಲೇಟ್ ಇದೆ.

ಉಳಿದ ಡಾಂಗ್ ನೋಟುಗಳನ್ನು ಅಲ್ಲೇ ಬದಲಾಯಿಸಿಕೊಂಡು ಬನ್ನಿ, ಇಲ್ಲಿ ತೆಗೆದುಕೊಳ್ಳುವವರು ಕಡಿಮೆ. ಮನೆಗೆ ಬಂದ ದಿನವೇ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಆಫ್ ಮಾಡಿ.