ಕಾಫಿ ಬಿಲ್ಲಿಂಗ್ ಸಾಫ್ಟ್‌ವೇರ್: ಗ್ರಾಹಕರಿಂದ ಟೆಸ್ಟ್ ಮಾಡಿಸಿದ್ದು ಹೀಗೆ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೆ. ಟೆಸ್ಟ್ ಮಾಡಿ ಅಂತ ಮೂರು ಅಂಗಡಿಗೆ ಕೊಟ್ಟೆ. ಎಲ್ಲರೂ "ಚೆನ್ನಾಗಿದೆ ಸಾರ್" ಅಂದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಪುಸ್ತಕಕ್ಕೆ ವಾಪಸ್.

ಗೂಗಲ್ ಫಾರ್ಮ್ ಕಳಿಸಿದೆ, ಯಾರೂ ತುಂಬಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದು ಗುಡ್ ಮಾರ್ನಿಂಗ್ ಮಾತ್ರ. ನಾನೇ ಹೋಗಿ ಡೆಮೊ ಕೊಟ್ಟೆ. ಮೌಸ್ ನನ್ನ ಕೈಲಿದ್ದರೆ ತಪ್ಪು ಎಲ್ಲಿ ಕಾಣುತ್ತೆ?

ಕೊನೆಗೆ ಫಲ ಕೊಟ್ಟಿದ್ದು ಇದು. ಡೇಟಾಬೇಸ್‌ನ ಬೇರೆ ಕಾಪಿ ಮಾಡಿ, ಸ್ಕ್ರೀನ್ ಮೇಲೆ ದಪ್ಪಗೆ 'ಪರೀಕ್ಷೆ' ಅಂತ ಹಾಕಿದೆ. ಅವರದೇ ಹಳೆಯ 20 ತೂಕದ ಚೀಟಿ ತೆಗೆಸಿದೆ. ಕೂರಿಸಿದ್ದು ಮಾಲೀಕರನ್ನಲ್ಲ, ದಿನಾ ಬಿಲ್ ಬರೆಯುವ ರೈಟರನ್ನು. ನಾನು ಹಿಂದೆ ಸುಮ್ನೆ ಕೂತೆ. ಅವರು ಎಲ್ಲಿ ತಡವರಿಸಿದರೋ ಆ ಚೀಟಿ ನಂಬರ್ ಬರೆದುಕೊಂಡೆ.

ನಾಲ್ಕನೇ ಚೀಟಿಯಲ್ಲೇ ಸಿಕ್ಕಿತು. ಅದರಲ್ಲಿ '12-30' ಅಂತಿತ್ತು. ಅಂದರೆ 50 ಕೆಜಿಯ 12 ಮೂಟೆ, ಮೇಲೆ 30 ಕೆಜಿ. ರೈಟರು 12.30 ಒತ್ತಿದರು. ಸಾಫ್ಟ್‌ವೇರ್ ಅದನ್ನ 12.30 ಮೂಟೆ ಅಂತ ತಿಳಿದು 50ರಿಂದ ಗುಣಿಸಿತು. ಬರಬೇಕಾದ್ದು 630 ಕೆಜಿ, ಬಂದಿದ್ದು 615. ಹದಿನೈದು ಕೆಜಿ ಹೋದರೆ ಬೆಳೆಗಾರ ಸುಮ್ಮನಿರ್ತಾನಾ?

ಈಗ ಮೂಟೆಗೊಂದು ಬಾಕ್ಸ್, ಕೆಜಿಗೊಂದು. ಕೆಜಿ ಬಾಕ್ಸ್ 50 ಅಥವಾ ಅದಕ್ಕಿಂತ ಜಾಸ್ತಿ ತಗೊಳ್ಳಲ್ಲ. ಎಂಟರ್ ಒತ್ತಿದರೆ ಮುಂದಿನ ಬಾಕ್ಸ್. ಒಟ್ಟು ಕೆಜಿ ಕೆಳಗೆ ದೊಡ್ಡದಾಗಿ ಕಾಣುತ್ತೆ.

ಮುಂದಿನ ವಾರ ಅದೇ 20 ಚೀಟಿಯನ್ನು ಅದೇ ಕ್ರಮದಲ್ಲಿ ಹಾಕಿಸಿದೆ. ಎಲ್ಲಾ ತಾಳೆಯಾದ ಮೇಲೆ 15 ದಿನ ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಸಿದೆ. ಹದಿನಾರನೇ ದಿನ ಪುಸ್ತಕ ಕಪಾಟಿಗೆ ಹೋಯಿತು.